ಒಂದೇ ದೋಷ, ನಲವತ್ತು ದಿನ: ಕ್ರೈಸ್ತ ಜೀವನದಲ್ಲಿ ಬದಲಾವಣೆಗೆ ಕೈಹಾಕುವ ಬಗೆ

ಡಿಸೆಂಬರ್ 31ರ ನಡುರಾತ್ರಿಯ ಆರಾಧನೆ ಮುಗಿಸಿ ಹೊರಬರುವಾಗ ನಮ್ಮ ಅನೇಕ ಸಭೆಗಳಲ್ಲಿ ಬಾಗಿಲ ಬಳಿ ಒಂದು ತಟ್ಟೆಯಲ್ಲಿ ವಾಗ್ದಾನ ವಚನಗಳ ಚೀಟಿಗಳನ್ನು ಇಟ್ಟಿರುತ್ತಾರೆ. ಒಬ್ಬೊಬ್ಬರೂ ಒಂದೊಂದನ್ನು ಎತ್ತಿಕೊಂಡು, ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ಓದಿ, ಬರುವ ವರ್ಷಕ್ಕೆಲ್ಲ ತಮಗೆ ಸಿಕ್ಕ ಮಾತು ಇದೇ ಎಂದು ಜೇಬಿಗೋ ಸತ್ಯವೇದದ ಪುಟಗಳ ನಡುವೆಯೋ ಸೇರಿಸಿಕೊಳ್ಳುತ್ತಾರೆ. ಆ ತಟ್ಟೆಯಲ್ಲಿ ಗದರಿಕೆಯ ವಚನ ಒಂದೂ ಇರುವುದಿಲ್ಲವೆಂಬುದು ಬೇರೆ ಮಾತು. ಅದೇ ರಾತ್ರಿ ನಮ್ಮಲ್ಲಿ ಬಹಳ ಮಂದಿ ಮನಸ್ಸಿನಲ್ಲೇ ಇನ್ನೊಂದು ಪಟ್ಟಿಯನ್ನೂ ಮಾಡಿಕೊಳ್ಳುತ್ತೇವೆ: ದಿನವೂ ನಸುಕಿನಲ್ಲಿ ಎದ್ದು ಪ್ರಾರ್ಥಿಸಬೇಕು, ಸಿಟ್ಟು ಬಿಡಬೇಕು, ಮೊಬೈಲ್ ಕಡಿಮೆ ಮಾಡಬೇಕು, ಗಳಿಕೆಯಲ್ಲಿ ಹತ್ತರ ಒಂದು ಪಾಲನ್ನು ಸಭೆಗೆ ಕೊಡುವ ದಶಮಾಂಶ ತಪ್ಪಿಸಬಾರದು, ಮಾತು ಬಿಟ್ಟಿರುವ ಅಣ್ಣನ ಮನೆಗೆ ಒಮ್ಮೆ ಹೋಗಿ ಬರಬೇಕು. ಸಂಕ್ರಾಂತಿ ಬರುವ ಹೊತ್ತಿಗೆ ಪಟ್ಟಿ ಮರೆತುಹೋಗಿರುತ್ತದೆ, ಚೀಟಿ ಮಾತ್ರ ಸತ್ಯವೇದದೊಳಗೆ ಉಳಿದಿರುತ್ತದೆ.

ನಾನೂ ಹಲವು ವರ್ಷ ಹೀಗೆಯೇ ಪಟ್ಟಿ ಮಾಡಿ ಮರೆತವನು. ಆ ಪಟ್ಟಿಯನ್ನು ಒಂದೇ ಸಾಲಿಗೆ ಇಳಿಸುವುದು ಹೇಗೆ, ಆ ಒಂದು ಸಾಲಿನ ಮೇಲೆ ನಲವತ್ತು ದಿನ ಬಿಡದೆ ಕೆಲಸ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಇದರಲ್ಲಿ ನಾನು ಕಂಡುಹಿಡಿದದ್ದು ಏನೂ ಇಲ್ಲ. ಕೆಲವು ಭಾಗ ಪೌಲನ ಪತ್ರಗಳಲ್ಲಿದೆ, ಕೆಲವು 16ನೆಯ ಶತಮಾನದ ಸ್ಪೇನಿನ ಸಂತನೊಬ್ಬನಿಂದ ಬಂದಿದೆ, ಇನ್ನು ಕೆಲವು 18ನೆಯ ಶತಮಾನದ ಇಂಗ್ಲೆಂಡಿನ ಬೋಧಕನೊಬ್ಬನಿಂದ. ನಾನು ಪ್ರೊಟೆಸ್ಟೆಂಟ್ ಸಭೆಯಲ್ಲಿ ಬೆಳೆದವನಾದರೂ, ಇವುಗಳಲ್ಲೆಲ್ಲ ನನಗೆ ಹೆಚ್ಚು ಕೈಗೆ ಬಂದದ್ದು ಕ್ಯಾಥೊಲಿಕರ ಉಪಾಯವೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಹೊರಡುವ ಮುನ್ನ: ಅಳುವುದು ಬೇರೆ, ತಿರುಗುವುದು ಬೇರೆ

ಯೇಸು ಗಲಿಲಾಯದಲ್ಲಿ ಸಾರಲು ತೊಡಗಿದಾಗ ಆಡಿದ ಮೊದಲ ಮಾತನ್ನು ಕನ್ನಡದ ಹಳೆಯ ಸತ್ಯವೇದವು 'ದೇವರ ಕಡೆಗೆ ತಿರುಗಿಕೊಳ್ಳಿರಿ' ಎಂದು ಹೇಳುತ್ತದೆ. ಕ್ಯಾಥೊಲಿಕರ ಅನುವಾದವು ಪಾಪಕ್ಕೆ ವಿಮುಖರಾಗುವುದನ್ನೂ ದೇವರಿಗೆ ಅಭಿಮುಖರಾಗುವುದನ್ನೂ ಒಟ್ಟಿಗೆ ಹೇಳುತ್ತದೆ. ಮೂಲ ಗ್ರೀಕಿನ 'ಮೆಟಾನೋಯ' ಎಂಬ ಪದಕ್ಕೆ ಮನಸ್ಸು ಬದಲಾಗುವುದು ಎಂದರ್ಥ. ಆದರೆ ನಮ್ಮ ಎರಡೂ ಅನುವಾದಕರು ಮುಖ ಯಾವ ಕಡೆಗಿದೆ ಎಂಬುದರ ಮೇಲೆ ಬೆರಳಿಟ್ಟಿದ್ದಾರೆ. ಪಶ್ಚಾತ್ತಾಪವೆಂದರೆ ಕಣ್ಣೀರು ಎಂದೇ ತಿಳಿದಿರುವ ನಮಗೆ ಇದು ಬಹಳ ಬೇಕಾದ ತಿದ್ದುಪಡಿ. ಹಣಕ್ಕಾಗಿ ಯೇಸುವನ್ನು ಹಿಡಿದುಕೊಟ್ಟ ಯೂದನಿಗೂ ಪಶ್ಚಾತ್ತಾಪವಾಯಿತು, ಹಣವನ್ನು ಹಿಂದಕ್ಕೂ ಕೊಟ್ಟ, ಆದರೆ ಅವನು ತಿರುಗಿ ಯೇಸುವಿನ ಕಡೆಗೆ ಬರಲಿಲ್ಲ. ಯೇಸುವನ್ನು ಅರಿಯೆನೆಂದ ಪೇತ್ರನೂ ಅತ್ತ, ಅನಂತರ ಬಂದ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ರಕ್ಷಣೆ ಕೃಪೆಯಿಂದ ದೊರೆಯುವುದಾದರೆ ಇಷ್ಟೆಲ್ಲ ಪ್ರಯತ್ನವೇಕೆ ಎಂದು ಬೈಬಲ್ ಅಧ್ಯಯನದಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲನು ನಿಮ್ಮ ರಕ್ಷಣೆಯನ್ನು ಭಯದಿಂದ ಸಾಧಿಸಿಕೊಳ್ಳಿರಿ ಎಂದ ಮರುಕ್ಷಣವೇ, ನಿಮ್ಮೊಳಗೆ ಇಚ್ಛೆಯನ್ನೂ ಕ್ರಿಯೆಯನ್ನೂ ಹುಟ್ಟಿಸುವವನು ದೇವರೇ ಎಂದೂ ಹೇಳುತ್ತಾನೆ. ಎರಡೂ ಮಾತು ಒಂದೇ ಉಸಿರಿನಲ್ಲಿ ಬರುತ್ತವೆ. ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ರೈತನೂ ಹಾಗೆಯೇ: ಬಿತ್ತುತ್ತಾನೆ, ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಬೀಜ ಮಾತ್ರ ಅವನಿಗೆ ತಿಳಿಯದ ರೀತಿಯಲ್ಲಿ ಮೊಳೆತು ಬೆಳೆಯುತ್ತದೆ. ರಾಗಿ ಹೊಲದಲ್ಲಿ ಪೈರನ್ನು ಹಿಡಿದೆಳೆದು ಉದ್ದ ಮಾಡುವವರು ಯಾರೂ ಇಲ್ಲ, ಹಾಗೆಂದು ಕಳೆ ಕೀಳದೆ ಕೂರುವವರೂ ಇಲ್ಲ. ಮುಂದೆ ಹೇಳುವುದೆಲ್ಲ ಕಳೆ ಕೀಳುವ ಕೆಲಸ.

ಮೊದಲ ಹೆಜ್ಜೆ: ಒಂದನ್ನೇ ಆರಿಸಿ, ಅದಕ್ಕೆ ಸಣ್ಣ ಹೆಸರಿಡಿ

'ನನ್ನಲ್ಲಿ ಅಹಂಕಾರವಿದೆ', 'ನನಗೆ ಪ್ರೀತಿ ಸಾಲದು' ಎಂಬ ಅರಿಕೆಗಳು ಆರಾಧನೆಯ ಪ್ರಾರ್ಥನೆಯಲ್ಲಿ ಚೆನ್ನಾಗಿ ಕೇಳಿಸುತ್ತವೆ, ಆದರೆ ಅವುಗಳನ್ನು ಹಿಡಿದುಕೊಂಡು ಸೋಮವಾರ ಬೆಳಿಗ್ಗೆ ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಅಷ್ಟು ದೊಡ್ಡ ಹೆಸರುಗಳ ಹಿಂದೆ ನಾವು ಅಡಗಿಕೊಳ್ಳುತ್ತೇವೆಂದು ನನ್ನ ಅನುಮಾನ. ನೀವು ಆರಿಸುವ ದೋಷವು ಇನ್ನೊಬ್ಬರಿಗೆ ನೋವು ಕೊಡುವಂಥದ್ದಾಗಿರಲಿ, ಹೊರಗಿನಿಂದ ನೋಡಿದವರಿಗೂ ಕಾಣುವಂಥದ್ದಾಗಿರಲಿ, ಬಹುಮಟ್ಟಿಗೆ ದಿನವೂ ನಡೆಯುವಂಥದ್ದಾಗಿರಲಿ. ವರ್ಷಕ್ಕೊಮ್ಮೆ ಬೀಳುವ ಪಾಪವನ್ನು ನಲವತ್ತು ದಿನ ಎಣಿಸುತ್ತ ಕೂರುವುದರಿಂದ ಪ್ರಯೋಜನವಿಲ್ಲ. ಅನಂತರ ಅದಕ್ಕೆ ಯಾರೊಡನೆ, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಮಾತಿನಿಂದ ಎಂಬ ನಾಲ್ಕೂ ಸೇರುವಂತೆ ಒಂದು ವಾಕ್ಯದ ಹೆಸರು ಕೊಡಿ.

ಈ ಆಯ್ಕೆಯನ್ನು ಒಬ್ಬರೇ ಮಾಡಬೇಡಿ. ನನ್ನನ್ನು ಪರೀಕ್ಷಿಸಿ ನೋಡು, ಕೆಟ್ಟ ದಾರಿ ನನ್ನಲ್ಲಿದೆಯೋ ತಿಳಿ ಎಂದು ದೇವರನ್ನು ಬೇಡುವ 139ನೆಯ ಕೀರ್ತನೆಯ ಕೊನೆಯ ಎರಡು ವಚನಗಳನ್ನು ಎರಡು ಮೂರು ದಿನ ನಿಧಾನವಾಗಿ ಓದಿದ ಮೇಲೆ, ಮನೆಯಲ್ಲಿ ನಿಮ್ಮೊಡನೆ ಬಾಳುವ ಒಬ್ಬರನ್ನು ಕೇಳಿ: 'ನನ್ನ ಯಾವ ಒಂದು ನಡತೆ ಬದಲಾದರೆ ನಿನಗೆ ಈ ಮನೆಯಲ್ಲಿ ಬದುಕುವುದು ಹಗುರವಾಗುತ್ತದೆ?' ಕೇಳಿದ ಮೇಲೆ ಉತ್ತರಕ್ಕೆ ಎದುರುತ್ತರ ಕೊಡಬಾರದು, ವಿವರಣೆಯನ್ನೂ ಕೊಡಬಾರದು. ಈ ಮಾರ್ಗದರ್ಶಿಯಲ್ಲಿ ಅತ್ಯಂತ ಕಷ್ಟದ ಐದು ನಿಮಿಷ ಇದೇ.

ನನ್ನ ದೊಡ್ಡ ದೋಷ ಪ್ರಾರ್ಥನೆಯಲ್ಲಿ ಮನಸ್ಸು ಅಲೆಯುವುದು ಎಂದು ನಾನು ಬಹಳ ವರ್ಷ ನಂಬಿದ್ದೆ. ಅದು ಸ್ವಲ್ಪ ಗೌರವದ ದೋಷವೂ ಹೌದು. ಹೆಂಡತಿಯನ್ನು ಕೇಳಿದಾಗ ಅವಳು ಯೋಚಿಸಲು ಒಂದು ಗಳಿಗೆಯನ್ನೂ ತೆಗೆದುಕೊಳ್ಳಲಿಲ್ಲ. 'ಸಂಜೆ ಅವನಿಗೆ ಲೆಕ್ಕ ಹೇಳಿಕೊಡುವಾಗ ನೀವು ಆಡುವ ಮಾತು' ಎಂದಳು. ಆಗ ಮಗ ಐದನೆಯ ತರಗತಿಯಲ್ಲಿದ್ದ. ಮರುದಿನ ಅವನ ಗಣಿತದ ನೋಟ್‌ಬುಕ್ಕನ್ನು ತೆಗೆದು ನೋಡಿದೆ. ಭಿನ್ನರಾಶಿಯ ಪುಟಗಳಲ್ಲಿ ಅಲ್ಲಲ್ಲಿ ಕಾಗದ ಸವೆದು ಕೆಳಗಿನ ಪುಟ ಕಾಣುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬರುವ ಸದ್ದು ಕೇಳಿದೊಡನೆ, ಉತ್ತರ ಸರಿಯೋ ತಪ್ಪೋ ನೋಡುವ ಮೊದಲೇ ಅವನು ರಬ್ಬರ್ ಹಿಡಿದು ಉಜ್ಜುತ್ತಿದ್ದನಂತೆ. ನನ್ನ ಮೊದಲ ನಲವತ್ತು ದಿನದ ಹೆಸರು ಹೀಗೆ ಹುಟ್ಟಿತು: 'ಸಂಜೆ ಏಳೂವರೆಗೆ ಊಟದ ಮೇಜಿನ ಬಳಿ ಮಗನಿಗೆ ಲೆಕ್ಕ ಹೇಳಿಕೊಡುವಾಗ ಅವನನ್ನು ಹೀಯಾಳಿಸುವುದು.'

ಎರಡನೆಯ ಹೆಜ್ಜೆ: ಕಳಚಿದ ಜಾಗದಲ್ಲಿ ಏನನ್ನು ತೊಡಬೇಕೆಂದು ಮೊದಲೇ ಗೊತ್ತುಮಾಡಿ

ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯವನ್ನು, 22ನೆಯ ವಚನದಿಂದ ಕೊನೆಯವರೆಗೆ, ಪೆನ್ಸಿಲ್ ಹಿಡಿದು ಓದಿ. ಹಳೆಯ ಸ್ವಭಾವವನ್ನು ತೆಗೆದುಹಾಕುವುದು, ಮನಸ್ಸು ಹೊಸದಾಗುವುದು, ನೂತನ ಸ್ವಭಾವವನ್ನು ಧರಿಸಿಕೊಳ್ಳುವುದು ಎಂದು ಬಟ್ಟೆ ಬದಲಿಸುವ ಮಾತಿನಲ್ಲೇ ಪೌಲನು ಇಲ್ಲಿ ಬದಲಾವಣೆಯನ್ನು ವರ್ಣಿಸುತ್ತಾನೆ. ಅನಂತರ ಒಂದೊಂದೇ ಉದಾಹರಣೆ ಕೊಡುತ್ತಾನೆ. ಸುಳ್ಳನ್ನು ಬಿಟ್ಟವನು ಸುಮ್ಮನಿದ್ದರೆ ಸಾಲದು, ನೆರೆಯವನೊಡನೆ ನಿಜವಾಡಬೇಕು. ಕದಿಯುತ್ತಿದ್ದವನು ಕದಿಯದಿದ್ದರೆ ಸಾಲದು, ಕೈಯಿಂದ ದುಡಿದು ಇಲ್ಲದವರಿಗೆ ಕೊಡುವಷ್ಟು ಗಳಿಸಬೇಕು. ಕೆಟ್ಟ ಮಾತು ಹೊರಡುತ್ತಿದ್ದ ಬಾಯಿಂದ ಕೇಳಿದವರಿಗೆ ಹಿತವಾಗುವ ಮಾತು ಹೊರಡಬೇಕು. ಕಳ್ಳನು ದಾನಿಯಾದಾಗಲೇ ಅವನು ಕಳ್ಳತನ ಬಿಟ್ಟನೆಂದು ಪೌಲನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಈ ಒಂದು ಅಂಶ ಗಮನಕ್ಕೆ ಬಾರದಿರುವುದರಿಂದಲೇ ನಮ್ಮ ಬಹಳಷ್ಟು ಹೊಸ ವರ್ಷದ ನಿರ್ಧಾರಗಳು ಬಿದ್ದುಹೋಗುತ್ತವೆಂದು ನಾನು ತಿಳಿದಿದ್ದೇನೆ. ಲೂಕನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಮನೆಯೂ ಗುಡಿಸಿ ಅಣಿಮಾಡಿದ್ದ ಮನೆಯೇ. ಒಳಗೆ ಯಾರೂ ನೆಲೆಸಿರಲಿಲ್ಲವಾದ್ದರಿಂದ ಬಿಟ್ಟುಹೋದ ದೆವ್ವ ತನಗಿಂತ ಕೆಟ್ಟ ಏಳನ್ನು ಕರೆದುಕೊಂಡು ಹಿಂದಿರುಗಿತು.

ಆದ್ದರಿಂದ ನಿಮ್ಮ ದೋಷಕ್ಕೆ ಎದುರಾದ ಕೆಲಸ ಯಾವುದು ಎಂದು ಬರೆದುಕೊಳ್ಳಿ. ಅದು ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ, ಅದೇ ವ್ಯಕ್ತಿಗೆ ಮಾಡುವ ಕೆಲಸವಾಗಿರಬೇಕು. ಆರಾಧನೆ ಮುಗಿದ ಮೇಲೆ ಗೇಟಿನ ಬಳಿ ನಿಂತು ಇತರರ ಮನೆಯ ಸುದ್ದಿ ಆಡುವ ಚಟವಿದ್ದವರು ಅದೇ ಗೇಟಿನ ಬಳಿ ಆ ದಿನ ಒಬ್ಬರೇ ಬಂದ ವಿಧವೆಯನ್ನೋ ಹೊಸಬರನ್ನೋ ಮಾತನಾಡಿಸಬಹುದು. ಕೂಲಿಯವರೊಡನೆ ಹತ್ತು ರೂಪಾಯಿಗೆ ಚೌಕಾಸಿ ಮಾಡುವವರು ಕೇಳಿದ್ದಕ್ಕಿಂತ ಹತ್ತು ಹೆಚ್ಚು ಕೊಟ್ಟು ನೋಡಬಹುದು. ನನ್ನ ಪಾಲಿಗೆ ಅದು ಒಂದು ವಾಕ್ಯವಾಗಿತ್ತು. ಮಗನ ಉತ್ತರ ತಪ್ಪಾದಾಗ, 'ಎಲ್ಲಿಯವರೆಗೆ ಸರಿ ಬಂದಿದೆ, ತೋರಿಸು' ಎಂದು ಕೇಳುವುದು. ಮೊದಲ ದಿನಗಳಲ್ಲಿ ಆ ವಾಕ್ಯ ನನ್ನ ಬಾಯಲ್ಲಿ ನಾಟಕದ ಮಾತಿನಂತೆ ಕೇಳಿಸಿತು, ಮಗ ಅನುಮಾನದಿಂದ ಮುಖ ನೋಡಿದ. ಹೊಸ ಚಪ್ಪಲಿ ಕಚ್ಚದೆ ಇರುವುದಿಲ್ಲ.

ಮೂರನೆಯ ಹೆಜ್ಜೆ: ಲೆಕ್ಕ ಇಡಿ

ಮೊದಲು ಹೇಳಿದ ಸ್ಪೇನಿನ ಸಂತ, ಲೊಯೋಲದ ಇಗ್ನೇಷಿಯಸ್, ಸೈನಿಕ ಮನೋಭಾವದ ಮನುಷ್ಯ. 1491ರಲ್ಲಿ ಹುಟ್ಟಿದ ಅವನು 1521ರಲ್ಲಿ ಪಾಂಪ್ಲೋನದ ಕೋಟೆಯನ್ನು ಕಾಯುವಾಗ ಫಿರಂಗಿಯ ಗುಂಡು ತಗಲಿ ಕಾಲು ಮುರಿದುಕೊಂಡ. ಹಾಸಿಗೆಯಲ್ಲಿ ಬಿದ್ದ ತಿಂಗಳುಗಳಲ್ಲಿ ಕ್ರಿಸ್ತನ ಮತ್ತು ಸಂತರ ಚರಿತ್ರೆಗಳನ್ನು ಓದಿ ಮನಸ್ಸು ತಿರುಗಿತು. ಯೇಸು ಸಭೆ ಎಂಬ ಜೆಸ್ವಿಟ್ ಗುರುಗಳ ಸಂಘವನ್ನು ಕಟ್ಟಿದ ಈತ ಬರೆದಿಟ್ಟ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಗೆ ಪೋಪರ ಒಪ್ಪಿಗೆ ಸಿಕ್ಕಿದ್ದು 1548ರಲ್ಲಿ. ಅದರಲ್ಲಿ ಒಂದೇ ದೋಷವನ್ನು ಹಿಡಿದು ನಡೆಸುವ ಆತ್ಮಪರೀಕ್ಷೆಯ ಒಂದು ಪುಟ್ಟ ಭಾಗವಿದೆ. ಅದು ಕಿರಾಣಿ ಅಂಗಡಿಯ ಲೆಕ್ಕದಷ್ಟು ಸರಳವಾದದ್ದು.

ಬೆಳಿಗ್ಗೆ ಏಳುತ್ತಲೇ, ಇವತ್ತು ಇದೊಂದರಲ್ಲಿ ಎಚ್ಚರವಾಗಿರುತ್ತೇನೆ ಎಂದು ಗೊತ್ತುಮಾಡಿಕೊಳ್ಳಬೇಕು. ಮಧ್ಯಾಹ್ನದ ಊಟದ ಮೇಲೆ ಅದುವರೆಗಿನ ಹೊತ್ತನ್ನು ಗಂಟೆ ಗಂಟೆಯಾಗಿ ನೆನೆದು, ಎಷ್ಟು ಸಲ ಬಿದ್ದೆವೋ ಅಷ್ಟು ಚುಕ್ಕಿಗಳನ್ನು ಒಂದು ಗೆರೆಯ ಮೇಲೆ ಇಡಬೇಕು. ರಾತ್ರಿ ಊಟದ ಮೇಲೆ ಅದೇ ರೀತಿ ಎರಡನೆಯ ಗೆರೆಯ ಮೇಲೆ ಇಡಬೇಕು. ದಿನಕ್ಕೆ ಎರಡು ಗೆರೆಯಂತೆ ವಾರಕ್ಕೆ ಹದಿನಾಲ್ಕು ಗೆರೆ. ಮಧ್ಯಾಹ್ನವನ್ನು ರಾತ್ರಿಯೊಡನೆ, ನಿನ್ನೆಯನ್ನು ಇಂದಿನೊಡನೆ, ಕಳೆದ ವಾರವನ್ನು ಈ ವಾರದೊಡನೆ ಹೋಲಿಸಿ ನೋಡಬೇಕು. ತಪ್ಪಿ ಬಿದ್ದ ಆ ಗಳಿಗೆಯಲ್ಲೇ ಎದೆಯ ಮೇಲೆ ಕೈಯಿಟ್ಟುಕೊಳ್ಳಬೇಕು ಎಂದೂ ಅವನು ಹೇಳುತ್ತಾನೆ. ಇದನ್ನು ಜನರ ನಡುವೆ ಇರುವಾಗಲೂ ಯಾರಿಗೂ ತಿಳಿಯದಂತೆ ಮಾಡಬಹುದು. ನಾನು ನಕ್ಕುಬಿಟ್ಟಿದ್ದ ಈ ಕೊನೆಯ ಸಲಹೆಯೇ ಅತಿ ಹೆಚ್ಚು ಕೆಲಸ ಮಾಡಿತು. ಕೈ ಎದೆಗೆ ಹೋಗುವಷ್ಟರಲ್ಲಿ ಎರಡನೆಯ ಬಿರುನುಡಿ ಗಂಟಲಲ್ಲೇ ನಿಲ್ಲುತ್ತದೆ.

ನನ್ನ ದೋಷ ಸಂಜೆಯದಾದ್ದರಿಂದ ದಿನಕ್ಕೆ ಒಂದೇ ಗೆರೆ ಸಾಕಾಗಿತ್ತು. ಜೇಬಿನ ಡೈರಿಯಲ್ಲಿ ಮೊದಲ ವಾರ ನಾಲ್ಕು, ಆರು, ಮೂರು, ಐದು ಎಂದು ಚುಕ್ಕಿಗಳು ಬಿದ್ದವು. ಮೂರನೆಯ ವಾರ ಅವು ಕಡಿಮೆಯಾಗುವ ಬದಲು ಹೆಚ್ಚಾದವು. ಕೈಚೆಲ್ಲುವಷ್ಟರಲ್ಲಿ ಕಾರಣ ಹೊಳೆಯಿತು. ಮೊದಲ ವಾರ ನಾನು ಬಾಯಿಂದ ಬಂದ ಮಾತನ್ನು ಮಾತ್ರ ಎಣಿಸಿದ್ದೆ, ಮೂರನೆಯ ವಾರದ ಹೊತ್ತಿಗೆ ನಿಟ್ಟುಸಿರನ್ನೂ ಪೆನ್ಸಿಲ್ಲನ್ನು ಕಿತ್ತುಕೊಳ್ಳುವ ರೀತಿಯನ್ನೂ ಎಣಿಸತೊಡಗಿದ್ದೆ. ದೀಪ ಹತ್ತಿರ ತಂದಾಗ ಕಸ ಹೆಚ್ಚು ಕಾಣುತ್ತದೆ. ಹಾಗೆ ಚುಕ್ಕಿಗಳು ಹೆಚ್ಚಿದ ವಾರದಲ್ಲಿ ಯಾರೂ ಕೆಲಸವನ್ನು ಬಿಡಬಾರದು.

ಒಂದು ಎಚ್ಚರಿಕೆಯ ಮಾತು. ಕೆಲವರ ಮನಸ್ಸಾಕ್ಷಿ ಅತಿ ಸೂಕ್ಷ್ಮವಾಗಿರುತ್ತದೆ. ಮಾಡಿದ ತಪ್ಪಿಗೆ ಕ್ಷಮೆ ಸಿಕ್ಕಿತೆಂದು ಅವರಿಗೆ ಎಂದೂ ನಂಬಿಕೆ ಬರುವುದಿಲ್ಲ, ಮಾಡದ ತಪ್ಪನ್ನೂ ಅವರು ಎಣಿಸುತ್ತಾರೆ. ಇಗ್ನೇಷಿಯಸ್ ಕೂಡ ಮನ್ರೇಸದಲ್ಲಿದ್ದಾಗ ಇಂಥ ಕಾಟದಿಂದ ಜೀವವೇ ಬೇಡವೆನ್ನುವಷ್ಟು ನರಳಿದ್ದ. ಅಂಥವರು ಚುಕ್ಕಿ ಇಡುವುದೇ ಬೇಡ. ರಾತ್ರಿ ಮಲಗುವ ಮುನ್ನ, ಎದುರು ಕೆಲಸವನ್ನು ಒಂದು ಸಲವಾದರೂ ಮಾಡಲು ಆದದ್ದಕ್ಕಾಗಿ ಸ್ತೋತ್ರ ಹೇಳಿ ಮಲಗಲಿ.

ನಾಲ್ಕನೆಯ ಹೆಜ್ಜೆ: ಓದು ಕಡಿಮೆ, ನಿಲುಗಡೆ ಹೆಚ್ಚು

ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ವಾರಕ್ಕೆ ಐದರಂತೆ ಓದಿದರೆ ಸರಿಯಾಗಿ 52 ವಾರದಲ್ಲಿ ಮುಗಿಯುತ್ತದೆ. 150 ಕೀರ್ತನೆಗಳನ್ನು ದಿನಕ್ಕೆ ಐದರಂತೆ ಒಂದು ತಿಂಗಳಲ್ಲಿ ಓದಬಹುದು. ಇವೆಲ್ಲ ಒಳ್ಳೆಯ ಅಭ್ಯಾಸಗಳೇ. ಆದರೆ ಈ ನಲವತ್ತು ದಿನ ಹೊಸದಾಗಿ ಇಂಥ ಯೋಜನೆಗೆ ಕೈಹಾಕಬೇಡಿ. ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋಗಿ, ತಾನು ಹೇಗಿದ್ದೆನೆಂದು ಕೂಡಲೆ ಮರೆಯುವವನ ಬಗ್ಗೆ ಯಾಕೋಬನು ಮೊದಲ ಅಧ್ಯಾಯದಲ್ಲಿ ಬರೆದದ್ದು ಹೆಚ್ಚು ಓದುವವರಿಗೂ ಅನ್ವಯಿಸುತ್ತದೆ. ಒಂದು ವಾರಕ್ಕೆ ಒಂದೇ ಭಾಗವನ್ನು ಇಟ್ಟುಕೊಂಡು, ಅದನ್ನೇ ದಿನವೂ ಒಮ್ಮೆ ಗಟ್ಟಿಯಾಗಿ ಓದಿ. ನಾಲಿಗೆಯ ದೋಷಕ್ಕೆ ಯಾಕೋಬನ ಮೂರನೆಯ ಅಧ್ಯಾಯ, ದ್ವೇಷ ಇಟ್ಟುಕೊಂಡವರಿಗೆ ಮತ್ತಾಯನ 18ನೆಯ ಅಧ್ಯಾಯದ ಸಾಲಗಾರನ ಕಥೆ, ಹಣದ ಆಸೆಗೆ ಲೂಕನ 12ನೆಯ ಅಧ್ಯಾಯದ ಕಣಜಗಳ ಕಥೆ, ಎಲ್ಲರಿಗೂ 51ನೆಯ ಕೀರ್ತನೆ. ದೋಷದ ಗಳಿಗೆ ಹತ್ತಿರ ಬಂದಾಗ ಹೇಳಿಕೊಳ್ಳಲು ಒಂದು ಪುಟ್ಟ ಪ್ರಾರ್ಥನೆಯೂ ಇರಲಿ. ದೇವಾಲಯದಲ್ಲಿ ದೂರ ನಿಂತಿದ್ದ ಸುಂಕದವನು ಹೇಳಿದ್ದು ಒಂದೇ ವಾಕ್ಯ: 'ದೇವರೇ, ಪಾಪಿಯಾದ ನನ್ನನ್ನು ಕರುಣಿಸು.' ನಾನು ಏಳೂವರೆಗೆ ಕುರ್ಚಿ ಎಳೆಯುವ ಮುನ್ನ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಐದನೆಯ ಹೆಜ್ಜೆ: ಒಬ್ಬ ಸಾಕ್ಷಿಯನ್ನು ಇಟ್ಟುಕೊಳ್ಳಿ

1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬೋಧಕ ಜಾನ್ ವೆಸ್ಲಿಯ ಸಭೆಯವರಿಗೆ ಕಟ್ಟಡದ ಸಾಲ ತೀರಿಸುವ ಚಿಂತೆ ಹತ್ತಿತ್ತು. ಒಬ್ಬೊಬ್ಬರೂ ವಾರಕ್ಕೊಂದು ಪೆನ್ನಿ ಕೊಡುವುದೆಂದೂ, ಸುಮಾರು ಹನ್ನೆರಡು ಮಂದಿಗೆ ಒಬ್ಬ ಮುಖಂಡ ಮನೆಮನೆಗೆ ಹೋಗಿ ಅದನ್ನು ಸಂಗ್ರಹಿಸುವುದೆಂದೂ ತೀರ್ಮಾನವಾಯಿತು. ಪೆನ್ನಿಗಾಗಿ ಹೋದ ಮುಖಂಡರಿಗೆ ಯಾರ ಬಾಳು ಹೇಗೆ ನಡೆದಿದೆ ಎಂಬುದು ಕಣ್ಣಿಗೆ ಬಿತ್ತು. ವೆಸ್ಲಿ ಕೂಡಲೆ ಅದರ ಬೆಲೆಯನ್ನು ಅರಿತ. ಅಲ್ಲಿಂದ ಮುಂದೆ ಆ ಹನ್ನೆರಡು ಮಂದಿ ವಾರಕ್ಕೊಮ್ಮೆ ಕೂಡಿ ತಂತಮ್ಮ ಆತ್ಮದ ಸ್ಥಿತಿಯನ್ನು ಹೇಳಿಕೊಳ್ಳುವ ಪದ್ಧತಿ ಮೆಥಡಿಸ್ಟ್ ಚಳವಳಿಯ ಬೆನ್ನೆಲುಬಾಯಿತು. ಚಂದಾ ವಸೂಲಿಗೆ ಮನೆಮನೆ ಸುತ್ತುವ ನಮ್ಮ ಸಭೆಗಳ ಹಿರಿಯರು ಈ ಕಥೆಯನ್ನು ಒಮ್ಮೆ ಕೇಳಬೇಕು.

ನಮಗೆ ಹನ್ನೆರಡು ಮಂದಿ ಬೇಕಿಲ್ಲ, ಒಬ್ಬರು ಸಾಕು. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ ಎಂದು ಯಾಕೋಬನು ಐದನೆಯ ಅಧ್ಯಾಯದಲ್ಲಿ ಹೇಳಿದ್ದನ್ನು ನಮ್ಮಲ್ಲಿ ಪಾಲಿಸದಿರುವುದಕ್ಕೆ ಕಾರಣ ನಾಚಿಕೆಯೊಂದೇ ಅಲ್ಲ, ಅನುಭವವೂ ಹೌದು. ಗುಟ್ಟಾಗಿ ಹೇಳಿದ ಮಾತು ಎರಡೇ ದಿನದಲ್ಲಿ 'ಪ್ರಾರ್ಥನಾ ವಿಷಯ'ವೆಂಬ ವೇಷ ತೊಟ್ಟು ವಾಟ್ಸ್ಆ್ಯಪ್ ಗುಂಪಿನಲ್ಲಿ ಕಾಣಿಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಆದ್ದರಿಂದ ಬಾಯಿ ಭದ್ರವಿರುವವರನ್ನು ಆರಿಸಿ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಇರಲಿ. ಸಂಬಂಧಿಕರಾಗದಿದ್ದರೆ ಒಳ್ಳೆಯದು, ಎಲ್ಲದಕ್ಕೂ 'ಪರವಾಗಿಲ್ಲ ಬಿಡಿ' ಎನ್ನುವವರಂತೂ ಬೇಡವೇ ಬೇಡ. ವಾರಕ್ಕೊಮ್ಮೆ ಹದಿನೈದು ನಿಮಿಷ, ಎದುರೆದುರು ಕುಳಿತೋ ಫೋನಿನಲ್ಲೋ ಮಾತನಾಡಿ. ಈ ವಾರ ಎಷ್ಟು ಚುಕ್ಕಿ ಬಿದ್ದವು, ಎದುರು ಕೆಲಸ ಎಷ್ಟು ಸಲ ಆಯಿತು, ಯಾರ ಬಳಿ ಕ್ಷಮೆ ಕೇಳುವುದು ಬಾಕಿಯಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿ, ಕರ್ತನ ಪ್ರಾರ್ಥನೆಯನ್ನು ಒಟ್ಟಿಗೆ ಹೇಳಿ ಮುಗಿಸಿ. ಕ್ಯಾಥೊಲಿಕರಿಗೆ ಪಾಪನಿವೇದನೆಯ ಸಂಸ್ಕಾರ ಇದ್ದೇ ಇದೆ, ಅಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಆಡುವಂತಿಲ್ಲ.

ಆರನೆಯ ಹೆಜ್ಜೆ: ಮುರಿದದ್ದನ್ನು ಸರಿಪಡಿಸಿ

ಇದನ್ನು ಬಿಟ್ಟು ಉಳಿದ ಎಲ್ಲ ಹೆಜ್ಜೆಗಳನ್ನೂ ಮಾಡಿದವರನ್ನು ನಾನು ಬಲ್ಲೆ. ಅವರು ಒಳ್ಳೆಯ ಪ್ರಾರ್ಥನಾವಂತರಾಗಿದ್ದಾರೆ, ಅವರ ತಮ್ಮಂದಿರು ಅವರ ಮನೆಯ ಹೊಸ್ತಿಲು ತುಳಿಯುವುದಿಲ್ಲ.

ಯಜ್ಞವೇದಿಯ ಬಳಿ ಕಾಣಿಕೆ ಹಿಡಿದು ನಿಂತಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು ಎಂದು ಯೇಸು ಬೆಟ್ಟದ ಪ್ರಸಂಗದಲ್ಲಿ ಹೇಳಿದ. ಕೇಳುತ್ತಿದ್ದವರು ಗಲಿಲಾಯದವರು, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ಕಾಲ್ನಡಿಗೆಯಲ್ಲಿ ಸುಮಾರು ಮೂರು ದಿನಗಳ ದಾರಿ. ಊರಿಗೆ ಹಿಂದಿರುಗಿ, ಒಂದಾಗಿ, ಮತ್ತೆ ಬರಬೇಕೆಂದರೆ ವಾರವೇ ಹೋಗುತ್ತದೆ. ಆ ಜನಕ್ಕೆ ಈ ಮಾತು ಎಷ್ಟು ಭಾರವಾಗಿ ಕೇಳಿಸಿರಬೇಕೆಂದು ಯೋಚಿಸಿ ನೋಡಿ. ಹಣದ ವಿಷಯವಾದರೆ ಮಾತು ಮಾತ್ರ ಸಾಲದು. ಮೋಶೆಯ ಧರ್ಮಶಾಸ್ತ್ರದ ಪ್ರಕಾರ, ಮೋಸವನ್ನು ತಾನಾಗಿ ಅರಿಕೆಮಾಡಿದವನು ಅಸಲಿನ ಜೊತೆಗೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಟ್ಟರೆ ಸಾಕಾಗಿತ್ತು. ಲೂಕನ ಸುವಾರ್ತೆಯ ಸುಂಕದವ ಜಕ್ಕಾಯನು ಯೇಸುವಿನ ಮುಂದೆ ನಾಲ್ಕರಷ್ಟು ಕೊಡುತ್ತೇನೆಂದ. ಅದು ಕುರಿ ಕದ್ದು ಕೊಯ್ದವನಿಗೆ ಶಾಸ್ತ್ರ ವಿಧಿಸಿದ್ದ ದಂಡದ ಪ್ರಮಾಣ. ತಾನು ಸುಂಕದವನಲ್ಲ, ಕಳ್ಳ ಎಂದು ಅವನು ತನ್ನ ಬಾಯಿಂದಲೇ ತೀರ್ಪು ಕೊಟ್ಟುಕೊಂಡ ಹಾಗಾಯಿತು.

ಕ್ಷಮೆ ಕೇಳುವಾಗ ಏನು ಮಾಡಿದೆನೆಂಬುದನ್ನು ಹೆಸರಿಟ್ಟು ಹೇಳಿ. 'ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ' ಎಂಬುದು ಕ್ಷಮೆಯಲ್ಲ, ಮದುವೆ ಮನೆಯಲ್ಲಿ ಬೀಳ್ಕೊಡುವಾಗ ಆಡುವ ಉಪಚಾರದ ಮಾತು. 'ಆದರೆ' ಎಂಬ ಪದ ಬರಬಾರದು. ಉತ್ತರವನ್ನು ಒತ್ತಾಯಿಸಬಾರದು. ಕುಡಿತ ಬಿಡಿಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ 1935ರಲ್ಲಿ ಅಮೆರಿಕದಲ್ಲಿ ಕ್ರೈಸ್ತ ಹಿನ್ನೆಲೆಯ ಗೆಳೆಯರ ನಡುವೆ ಹುಟ್ಟಿತು. ಅದರ ಹನ್ನೆರಡು ಹೆಜ್ಜೆಗಳಲ್ಲಿ ಇದಕ್ಕೆ ಒಂದು ವಿವೇಕದ ಮಿತಿಯನ್ನೂ ಹಾಕಿದ್ದಾರೆ: ಸರಿಪಡಿಸಲು ಹೋಗುವುದರಿಂದ ಆ ವ್ಯಕ್ತಿಗೋ ಇನ್ನೊಬ್ಬರಿಗೋ ಹಾನಿಯಾಗುವಂತಿದ್ದರೆ ಹೋಗಬಾರದು. ನಮ್ಮ ಮನಸ್ಸು ಹಗುರಮಾಡಿಕೊಳ್ಳುವುದಕ್ಕಾಗಿ ಇನ್ನೊಬ್ಬರ ಸಂಸಾರದ ಮೇಲೆ ಹೊರೆ ಹೊರಿಸುವ ಹಕ್ಕು ನಮಗಿಲ್ಲ.

ಮಕ್ಕಳ ಬಳಿ ಕ್ಷಮೆ ಕೇಳುವುದು ನಮ್ಮ ಮನೆತನಗಳಲ್ಲಿ ರೂಢಿಯಲ್ಲಿಲ್ಲ. ನಾನು ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಬಳಿ ಬಟಾಣಿ ಬಿಡಿಸುತ್ತಿದ್ದ ಮಗನ ಪಕ್ಕದಲ್ಲಿ ನಿಂತು, 'ನೀನು ಲೆಕ್ಕ ತಪ್ಪಿದಾಗ ನಿನ್ನನ್ನು ದಡ್ಡ ಅಂದೆ, ನಿನ್ನ ಗೆಳೆಯನ ಜೊತೆ ಹೋಲಿಸಿದೆ, ಅದು ನನ್ನ ತಪ್ಪು, ಕ್ಷಮಿಸು' ಎಂದೆ. ಅವನು ಬಟಾಣಿಯಿಂದ ಕಣ್ಣೆತ್ತಲಿಲ್ಲ. 'ಹ್ಞೂಂ' ಎಂದ. ಸ್ವಲ್ಪ ಹೊತ್ತಿನ ಮೇಲೆ ಬಿಡಿಸದ ಒಂದು ಹಿಡಿ ಕಾಯಿಯನ್ನು ನನ್ನ ಕಡೆಗೆ ತಳ್ಳಿದ. ಇಬ್ಬರೂ ಸೇರಿ ಬುಟ್ಟಿ ಖಾಲಿ ಮಾಡಿದೆವು.

ಬಿದ್ದ ದಿನ ಏನು ಮಾಡಬೇಕು

ಬೀಳುತ್ತೀರಿ. ಮೂರು ಸಲ ಯೇಸುವನ್ನು ಅಲ್ಲಗಳೆದ ಪೇತ್ರನನ್ನು ಕೆರೆಯ ದಡದಲ್ಲಿ ಮೂರು ಸಲ ಪ್ರಶ್ನಿಸಿ ಮತ್ತೆ ಎತ್ತಿ ನಿಲ್ಲಿಸಿದ ಕಥೆ ಎಲ್ಲರಿಗೂ ಗೊತ್ತು. ಅದೇ ಪೇತ್ರ, ಪವಿತ್ರಾತ್ಮನು ಶಿಷ್ಯರ ಮೇಲೆ ಇಳಿದುಬಂದ ಪಂಚಾಶತ್ತಮ ದಿನದ ಎಷ್ಟೋ ಕಾಲದ ಮೇಲೆ, ಅಂತಿಯೋಕ್ಯದಲ್ಲಿ, ಯೆರೂಸಲೇಮಿನಿಂದ ಬಂದವರ ಬಾಯಿಗೆ ಹೆದರಿ, ಅನ್ಯಜನರೊಡನೆ ಊಟಕ್ಕೆ ಕೂರುವುದನ್ನು ಬಿಟ್ಟ. ಪೌಲನು ಅದನ್ನು ಎಲ್ಲರೆದುರು ಎತ್ತಿ ಆಡಿದ್ದು ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ಜನರಿಗೆ ಹೆದರುವ ಹಳೆಯ ದೋಷವೇ ಬೇರೆ ಊರಿನಲ್ಲಿ ಬೇರೆ ಬಟ್ಟೆ ಹಾಕಿಕೊಂಡು ಬಂದಿತ್ತು.

ಬಿದ್ದ ದಿನ ಮಾಡಬೇಕಾದದ್ದು ಇಷ್ಟೇ: ಸೂರ್ಯ ಮುಳುಗುವುದರೊಳಗೆ, ಅಥವಾ ನಮ್ಮ ಕಾಲಕ್ಕೆ ತಕ್ಕಂತೆ ಮಲಗುವುದರೊಳಗೆ, ನೋವಾದವರ ಬಳಿ ಒಂದು ವಾಕ್ಯದ ಕ್ಷಮೆ, ಡೈರಿಯಲ್ಲಿ ಚುಕ್ಕಿ, ದೇವರ ಮುಂದೆ ಅರಿಕೆ, ನಿದ್ರೆ. ಎಣಿಕೆಯನ್ನು ಮತ್ತೆ ಒಂದರಿಂದ ಆರಂಭಿಸಬೇಡಿ. ಇಪ್ಪತ್ತೆರಡನೆಯ ದಿನ ಬಿದ್ದರೆ ಮರುದಿನ ಇಪ್ಪತ್ತಮೂರನೆಯ ದಿನವೇ.

ಆದರೆ ಸಿಟ್ಟು ಕೈ ಎತ್ತುವವರೆಗೆ ಹೋಗಿದ್ದರೆ, ಕುಡಿತ ಹಿಡಿತ ಮೀರಿದ್ದರೆ, ಬೆಳಿಗ್ಗೆ ಏಳಲೇ ಆಗದಷ್ಟು ಮನಸ್ಸು ಕುಗ್ಗಿದ್ದರೆ, ಚುಕ್ಕಿ ಮತ್ತು ಡೈರಿ ಅದಕ್ಕೆ ಮದ್ದಲ್ಲ. ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಪೆಟ್ಟು ತಿನ್ನುತ್ತಿರುವವರಿಗೆ 'ತಾಳ್ಮೆಯಿಂದ ಪ್ರಾರ್ಥಿಸು' ಎಂದಷ್ಟೇ ಹೇಳಿ ಕಳುಹಿಸುವುದು ಆತ್ಮಿಕ ಸಲಹೆಯಲ್ಲ, ಅವರನ್ನು ಮೊದಲು ಸುರಕ್ಷಿತ ಜಾಗಕ್ಕೆ ಸೇರಿಸಬೇಕು.

ಯಾವಾಗ ಆರಂಭಿಸಬೇಕು, ಯಾವಾಗ ನೋಡಬೇಕು

ಕ್ಯಾಥೊಲಿಕರು ತಪಸ್ಸು ಕಾಲವೆಂದೂ ನಮ್ಮವರು ಲೆಂಟ್ ಎಂದೂ ಕರೆಯುವ ದಿನಗಳು ಇದಕ್ಕೆ ಅನುಕೂಲ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ 46 ದಿನಗಳಿದ್ದು, ನಡುವಿನ ಆರು ಭಾನುವಾರಗಳನ್ನು ಬಿಟ್ಟರೆ ನಲವತ್ತು ಉಳಿಯುತ್ತದೆ. ಊರೆಲ್ಲ ಸೇರಿ ಮಾಂಸ ಬಿಟ್ಟಿರುವಾಗ ಒಂದು ದೋಷವನ್ನು ಬಿಡಲು ಹೊರಟವನಿಗೆ ಜೊತೆ ಸಿಗುತ್ತದೆ. ನಲವತ್ತು ಎಂಬುದರಲ್ಲಿ ಮಂತ್ರಶಕ್ತಿಯೇನೂ ಇಲ್ಲ, ಬರುವ ಸೋಮವಾರವೂ ಆದೀತು.

ನಲವತ್ತೊಂದನೆಯ ದಿನ ನಿಮ್ಮ ಡೈರಿಯನ್ನು ನೋಡಿ ತೀರ್ಪು ಕೊಟ್ಟುಕೊಳ್ಳಬೇಡಿ. ಪೌಲನು ಗಲಾತ್ಯದವರಿಗೆ ಎಣಿಸಿ ಹೇಳಿದ ಆತ್ಮನ ಒಂಬತ್ತು ಫಲಗಳಲ್ಲಿ ಪ್ರೀತಿ, ದೀರ್ಘಶಾಂತಿ, ದಯೆ, ಉಪಕಾರ, ಸಾಧುತ್ವ ಇವುಗಳ ರುಚಿ ತಿಳಿಯುವುದು ಪಕ್ಕದಲ್ಲಿರುವವರಿಗೆ, ಮರಕ್ಕಲ್ಲ. ಮೊದಲ ದಿನ ಯಾರನ್ನು ಕೇಳಿದಿರೋ ಅವರನ್ನೇ ಮತ್ತೆ ಕೇಳಿ. ನಾನು ಕೇಳುವ ಮೊದಲು ಆ ಸಂಜೆ ಏಳೂವರೆಗೆ ಎಂದಿನಂತೆ ಕುರ್ಚಿ ಎಳೆದುಕೊಂಡು ಮಗನ ಪಕ್ಕ ಕುಳಿತೆ. ದಶಮಾಂಶ ಭಿನ್ನರಾಶಿಯ ಲೆಕ್ಕ. ಚುಕ್ಕಿ ಒಂದು ಮನೆ ಆಚೆ ಬಿದ್ದು ಉತ್ತರ ತಪ್ಪಾಗಿತ್ತು. ರಬ್ಬರ್ ಪೆಟ್ಟಿಗೆಯೊಳಗೇ ಇತ್ತು. ಅವನು ಪೆನ್ಸಿಲಿನ ತುದಿಯಿಂದ ಮೂರನೆಯ ಸಾಲನ್ನು ತೋರಿಸಿ, 'ಇಲ್ಲಿಯವರೆಗೆ ಸರಿ ಇದೆ ಅನ್ಸುತ್ತೆ' ಎಂದ.

ರಾತ್ರಿ ಹೆಂಡತಿಯನ್ನು ಕೇಳಿದೆ. ಪರವಾಗಿಲ್ಲ, ಇನ್ನೂ ಮುಂದುವರಿಸಿ ಎಂದಳು. ಒಂದು ವಾರ ಬಿಡುವು ಕೊಟ್ಟು ಮುಂದಿನ ದೋಷವನ್ನು ಹಿಡಿಯುವುದು ಕ್ರಮ, ಅದನ್ನು ಹುಡುಕಲು ಮತ್ತೆ ಮೂರು ದಿನ ಕೀರ್ತನೆ ಓದುತ್ತೇನೆ ಎಂದೆ. ಹುಡುಕುವ ಅಗತ್ಯವಿಲ್ಲವೆಂದು ಹೇಳಿ, ಟ್ರಾಫಿಕ್ ಸಿಗ್ನಲಿನಲ್ಲಿ ನಾನು ಆಟೊ ಓಡಿಸುವವರ ಮೇಲೆ ಪ್ರಯೋಗಿಸುವ ಶಬ್ದಗಳನ್ನು ಅವಳು ಒಂದೊಂದಾಗಿ ನೆನಪಿಸಿದಳು.